ಚೈನಾಟೌನ್ ಕಟ್ಟಡಗಳಿಗೆ ಆ ವೇಷ ಹಾಕಿಸಿದ್ದು ಯಾರು?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ ನೋಡಿ ಬಂದೆ. ತುದಿ ಬಾಗಿದ ಸೂರು, ಕೆಂಪು ಬಣ್ಣ, ಪಗೋಡಾ. ಚೀನಾದಿಂದ ಬಂದವರು ತಮ್ಮೂರಿನ ಥರಾನೇ ಕಟ್ಟಿಕೊಂಡರಾ?

ಇಲ್ಲ ರೀ. ಅದರ ನಕ್ಷೆ ಹಾಕಿದ್ದು ಬಿಳಿಯರು!

1906ಕ್ಕೆ ಮುಂಚೆ ಅಲ್ಲಿದ್ದದ್ದು ಹೆಚ್ಚಾಗಿ ಸಾದಾ ಇಟ್ಟಿಗೆ ಕಟ್ಟಡಗಳು. ಚೀನೀ ಅಕ್ಷರದ ಬೋರ್ಡು, ಬಾಲ್ಕನಿಯಲ್ಲಿ ಲಾಟೀನು, ಅಷ್ಟೇ. ಜನ ಬಹುಪಾಲು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯವರು. ಚಿನ್ನ ಹುಡುಕಲು ಬಂದವರು, ಆಮೇಲೆ ರೈಲು ಹಳಿ ಹಾಕಿದವರು. 1869ರಲ್ಲಿ ಹಳಿ ಮುಗಿಯಿತು. ‘ನಮ್ಮ ಕೆಲಸ ಕಿತ್ತುಕೊಳ್ತಾರೆ’ ಅನ್ನೋ ಕೂಗು ಜೋರಾಯಿತು. 1882ರ ಕಾನೂನು ಚೀನೀ ಕೂಲಿಕಾರರು ಬರುವುದಕ್ಕೇ ಬಾಗಿಲು ಹಾಕಿತು. ಬೇರೆ ಕಡೆ ಬಾಡಿಗೆಗೆ ಮನೆ ಕೊಡುವವರಿಲ್ಲ, ಹೊಡೆತದ ಭಯ ಬೇರೆ. ಇದ್ದವರು ಒಂದೇ ಕೇರಿಯಲ್ಲಿ ಒತ್ತೊತ್ತಾಗಿ ಉಳಿದರು.

1906ರ ಏಪ್ರಿಲ್ 18ರಂದು ಭೂಕಂಪ, ಹಿಂದೆಯೇ ಬೆಂಕಿ. ಕೇರಿ ಪೂರ್ತಿ ಬೂದಿ. ಊರ ದೊಡ್ಡವರು ಇದೇ ಸಮಯ ಅಂದುಕೊಂಡರು. ಊರ ನಡುವಿನ ಒಳ್ಳೇ ಜಾಗ ಅಲ್ವಾ? ಇವರನ್ನು ದೂರದ ಹಂಟರ್ಸ್ ಪಾಯಿಂಟ್‌ಗೆ ಸಾಗಿಸಿಬಿಡೋಣ ಅಂತ ಹೊರಟರು. ಚೀನಾ ಸರ್ಕಾರ ಒಪ್ಪಲಿಲ್ಲ. ಬಾಡಿಗೆ ಎಣಿಸುತ್ತಿದ್ದ ಬಿಳಿಯ ಮಾಲೀಕರಿಗೂ ಅದು ಬೇಕಿರಲಿಲ್ಲ.

ಲುಕ್ ಟಿನ್ ಈಲೈ ಎಂಬ ವ್ಯಾಪಾರಿ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವರು. ಬಿಳಿಯರು ದುಡ್ಡು ಕೊಟ್ಟು ಏನು ನೋಡಲು ಬರುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ರಾಸ್ ಮತ್ತು ಬರ್ಗ್ರೆನ್ ಎಂಬ ಇಬ್ಬರು ಬಿಳಿಯರಿಂದ ಹೊಸ ಕಟ್ಟಡಗಳ ನಕ್ಷೆ ಹಾಕಿಸಿದರು. ಗ್ರಾಂಟ್ ಅವೆನ್ಯೂ ಮೂಲೆಯ ಸಿಂಗ್ ಚಾಂಗ್ ಕಟ್ಟಡ ನೆನಪಿದೆಯಾ? ಕೆಳಗೆ ಸಾದಾ ಅಮೆರಿಕದ ಅಂಗಡಿ, ನೆತ್ತಿಯ ಮೇಲೆ ಪಗೋಡಾ. ಪ್ರವಾಸಿಗರು ಬಂದರು, ಜಾಗ ಉಳಿಯಿತು. ನನ್ನ ಪ್ರಕಾರ ಅದು ಚಂದಕ್ಕಿಂತ ಜಾಸ್ತಿ ಹೊಟ್ಟೆಪಾಡಿನ ಉಪಾಯ.

ಅದೇ ಬೆಂಕಿಯಲ್ಲಿ ಊರಿನ ಜನನ ದಾಖಲೆಗಳೂ ಸುಟ್ಟವು. ‘ನಾನು ಹುಟ್ಟಿದ್ದು ಇಲ್ಲೇ’ ಅಂದರೆ ಸುಳ್ಳು ಅನ್ನಲು ಕಾಗದವೇ ಇಲ್ಲ. ಇಲ್ಲಿ ಹುಟ್ಟಿದವನು ಇಲ್ಲಿನ ಪ್ರಜೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1898ರಲ್ಲೇ ಹೇಳಿತ್ತು. ಪ್ರಜೆಯ ಮಕ್ಕಳು ಒಳಗೆ ಬರಬಹುದು. ಹೀಗೆ ಎಷ್ಟೋ ಹುಡುಗರು ಯಾರದೋ ‘ಕಾಗದದ ಮಗ’, ಅಂದರೆ ದಾಖಲೆಯಲ್ಲಿ ಮಾತ್ರ ಮಗ, ಆಗಿ ಹಡಗು ಹತ್ತಿದರು. 1910ರಿಂದ ಅವರನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ವಲಸೆ ತಪಾಸಣೆ ದ್ವೀಪ ಏಂಜಲ್ ಐಲ್ಯಾಂಡ್‌ನಲ್ಲಿ ಕೂರಿಸಿ, ನಿಜವಾದ ಮಗನೇ ಹೌದಾ ಅಂತ ತಿಳಿಯಲು ಅಧಿಕಾರಿಗಳು ಕೇಳುತ್ತಿದ್ದರು: ನಿಮ್ಮ ಮನೆಗೆ ಮೆಟ್ಟಿಲೆಷ್ಟು? ಅಕ್ಕಿ ಇಡೋದು ಎಲ್ಲಿ? ಉತ್ತರಗಳನ್ನು ಹಡಗಿನಲ್ಲೇ ಬಾಯಿಪಾಠ ಮಾಡಿ, ಚೀಟಿ ಸಮುದ್ರಕ್ಕೆ ಎಸೆದು ಬಂದಿರುತ್ತಿದ್ದರು.

ಎಷ್ಟೋ ಜನ ಆ ಎರವಲು ಹೆಸರಲ್ಲೇ ಬದುಕು ಮುಗಿಸಿದರು. ಕೆಲವರ ಸಮಾಧಿ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಮನೆತನದ ಹೆಸರಿದೆ, ಚೀನೀ ಅಕ್ಷರದಲ್ಲಿ ಇನ್ನೊಂದು.