ಚಿತ್ರಕ್ಕೆ ಕಾರಣವಾದ ನೆನಪು, ಚಿತ್ರದೊಳಗಿನ ಅರ್ಥ: ಅಧ್ಯಯನ ಟಿಪ್ಪಣಿ

ಮಡಿಕೇರಿಯಲ್ಲಿ ನನ್ನ ಜೊತೆ ಚಿತ್ರಕಲೆ ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲಾವಿದರು ತಮ್ಮ ಕೃತಿಯ ವೈಯಕ್ತಿಕ ಅರ್ಥವನ್ನು ಕುರಿತು ಆಡಿದ ಮಾತನ್ನು ಹೇಗೆ ಓದಬೇಕು, ನಮ್ಮ ಚಿತ್ರದ ಬಗ್ಗೆ ಅಂಥ ಮಾತನ್ನು ಹೇಗೆ ಬರೆಯಬೇಕು ಎಂಬುದು ಈ ಟಿಪ್ಪಣಿಯ ವಿಷಯ. ಮಾಧ್ಯಮ, ಸಂಯೋಜನೆಗಳ ವಿವರಣೆ ಸುಲಭವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ನಾನು ಎಡವಿದ್ದು ಒಂದೇ ಕಡೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು, ಅಂದರೆ ಹೊಸ ಭತ್ತದ ತೆನೆ, ಒಳಗೆ ಬರುವ ಹೊತ್ತಿನ ಐನ್‌ಮನೆಯನ್ನು (ಕುಟುಂಬದ ಮೂಲ ಮನೆ) ಚಿತ್ರಿಸಿ, ‘ಇದು ನನ್ನ ಅಜ್ಜಿಯ ನೆನಪು’ ಎಂದು ಬರೆದಿದ್ದೆ. ‘ಅಜ್ಜಿ ಚಿತ್ರದಲ್ಲಿ ಎಲ್ಲಿದ್ದಾರೆ?’ ಎಂದು ಗುರುಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜಿಯ ನೆನಪು ನಾನು ಕುಂಚ ಹಿಡಿಯಲು ಕಾರಣವಾಗಿತ್ತು, ಅಂದರೆ ಅದು ಪ್ರೇರಣೆ. ಆ ನೆನಪು ಯಾವುದಾದರೂ ಬಣ್ಣ, ಗಾತ್ರ ಅಥವಾ ಖಾಲಿ ಜಾಗವಾಗಿ ನೋಡುವವರಿಗೆ ಕಾಣಿಸಿಕೊಂಡಾಗ ಮಾತ್ರ ಅದು ಚಿತ್ರದ ಅರ್ಥವಾಗುತ್ತದೆ. ಈ ವ್ಯತ್ಯಾಸ ಗಟ್ಟಿಯಾಗಲು ನನಗೆ ಎರಡು ವಾರ ಬೇಕಾಯಿತು. ಈಗ ಪ್ರತಿ ವಾಕ್ಯ ಬರೆದ ಮೇಲೂ ‘ಚಿತ್ರದಲ್ಲಿ ಎಲ್ಲಿ?’ ಎಂದು ಕೇಳಿಕೊಳ್ಳುತ್ತೇನೆ. ಬೆರಳಿಟ್ಟು ತೋರಿಸಲಾಗದ ವಾಕ್ಯವನ್ನು ಹೊಡೆದು ಹಾಕುತ್ತೇನೆ.

ಈ ಪ್ರಶ್ನೆಗೆ ಚೆನ್ನಾಗಿ ಒಗ್ಗುವ ಉದಾಹರಣೆ ಫ್ರೆಂಚ್-ಅಮೆರಿಕನ್ ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರ ‘ಮಾಮಾಂ’. 1999ರಲ್ಲಿ ರೂಪುಗೊಂಡ, 9 ಮೀಟರಿಗೂ ಎತ್ತರವಿರುವ ಈ ಲೋಹದ ಜೇಡವನ್ನು ಕಂಡವರಿಗೆ ಮೊದಲು ಹುಟ್ಟುವುದು ಭಯ. ಆದರೆ ‘ಮಾಮಾಂ’ ಎಂದರೆ ಫ್ರೆಂಚಿನಲ್ಲಿ ಅಮ್ಮ. ಕಲಾವಿದೆಯ ತಾಯಿ ಹಳೆಯ ನೇಯ್ಗೆಯ ಚಿತ್ರಪಟಗಳನ್ನು ದುರಸ್ತಿ ಮಾಡುತ್ತಿದ್ದರು, 1932ರಲ್ಲಿ ತೀರಿಕೊಂಡರು. ಜೇಡವೂ ನೇಯುತ್ತದೆ, ರೋಗ ಹರಡುವ ಸೊಳ್ಳೆಗಳನ್ನು ತಿಂದು ಕಾಪಾಡುತ್ತದೆ ಎಂಬ ಅರ್ಥದಲ್ಲಿ ಅವರು ಈ ಕೃತಿಯನ್ನು ತಾಯಿಗೆ ಸಲ್ಲಿಸಿದ ಗೌರವವೆಂದು ವಿವರಿಸಿದ್ದಾರೆ. ಎಲ್ಲಿ ಎಂದು ಕೇಳಿದರೆ, ಹೊಟ್ಟೆಯ ಕೆಳಗೆ ಅಮೃತಶಿಲೆಯ ಮೊಟ್ಟೆಗಳನ್ನು ಹೊತ್ತ ಚೀಲವಿದೆ, ನೆಲಕ್ಕೆ ತಾಗುವಲ್ಲಿ ಸೂಜಿಯಂತೆ ಚೂಪಾಗುವ ಕಾಲುಗಳಿವೆ. ಹಾಗಾದರೆ ನಮ್ಮ ಭಯ ತಪ್ಪೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಮೊಟ್ಟೆ ಕಾಯುವ ತಾಯಿಯ ಹತ್ತಿರ ಹೋಗಲು ಯಾರಿಗಾದರೂ ಅಂಜಿಕೆಯಾಗುತ್ತದೆ. ಕಲಾವಿದೆಯ ಮಾತು ಆ ಭಯವನ್ನು ಅಳಿಸದೆ ಅದಕ್ಕೊಂದು ಕಾರಣ ಕೊಡುತ್ತದೆ.

ಕಲಾವಿದರ ಮಾತಿಲ್ಲದಿದ್ದರೆ ನಾವು ಎಲ್ಲಿ ತಪ್ಪುತ್ತಿದ್ದೆವು ಎಂಬುದನ್ನು ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಚಿತ್ರಿಸಿದ ಮಲಗುವ ಕೋಣೆ ತೋರಿಸುತ್ತದೆ. ಬಣ್ಣಗಳೇ ವಿಶ್ರಾಂತಿಯನ್ನು ಸೂಚಿಸಬೇಕೆಂದು ಅವರು ತಮ್ಮ ಸಹೋದರ ತಿಯೋಗೆ ಬರೆದರು. ಗೋಡೆ ತಿಳಿ ನೇರಳೆ ಎಂದೂ ಬರೆದರು. ಕೆಂಪು ವರ್ಣದ್ರವ್ಯ ಮಾಸಿದ್ದರಿಂದ ಇಂದು ಆ ಗೋಡೆ ನೀಲಿಯಾಗಿ ಕಾಣುತ್ತದೆ. ಪತ್ರವನ್ನು ಓದದೆ ನೀಲಿಯ ಅರ್ಥವನ್ನು ಹುಡುಕಿದರೆ, ಕಲಾವಿದ ಹಚ್ಚದ ಬಣ್ಣಕ್ಕೆ ನಾವು ಅರ್ಥ ಕಟ್ಟಿದಂತಾಗುತ್ತದೆ.

ಇಷ್ಟಾದ ಮೇಲೆ ನನ್ನ ಹೇಳಿಕೆಯನ್ನು ತಿದ್ದಿದೆ: ‘ತೂಗುದೀಪದ ಬೆಳಕು ಕದಿರಿನ ಮೇಲೆ ಬೀಳದೆ, ಅಜ್ಜಿ ಕೂರುತ್ತಿದ್ದ ಖಾಲಿ ಮಣೆಯ ಮೇಲೆ ಬಿದ್ದಿದೆ.’ ಇದಕ್ಕಾಗಿ ಚಿತ್ರವನ್ನೂ ತಿದ್ದಬೇಕಾಯಿತು. ಮೊದಲು ಅಲ್ಲಿ ಮಣೆಯೇ ಇರಲಿಲ್ಲ. ಬಾಗಿಲಾಚೆಯ ಕತ್ತಲೆಗೆ ಅರ್ಧ ಹಾಳೆಯನ್ನು ಏಕೆ ಬಿಟ್ಟೆ ಎಂಬುದಕ್ಕೆ ಮಾತ್ರ ಇನ್ನೂ ವಾಕ್ಯ ಸಿಕ್ಕಿಲ್ಲವಾದ್ದರಿಂದ, ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.