ಊತಕ್ಕೆ ಕೊಟ್ಟ ಟ್ರಿಪ್ಸಿನ್ ಮಾತ್ರೆನ ಗ್ಯಾಸ್‌ಗೆ ನುಂಗಬಹುದಾ?

ಪ್ರಶ್ನೆ: ಮೇಡಂ, ಹಲ್ಲು ಕೀಳಿಸಿದಾಗ ಊತ ಇಳಿಯೋಕೆ ಅಂತ ಟ್ರಿಪ್ಸಿನ್-ಕೈಮೋಟ್ರಿಪ್ಸಿನ್ ಮಾತ್ರೆ ಬರೆದಿದ್ರು, ಅರ್ಧ ಸ್ಟ್ರಿಪ್ ಉಳಿದಿದೆ. ಗೂಗಲ್‌ನಲ್ಲಿ ನೋಡಿದ್ರೆ ಟ್ರಿಪ್ಸಿನ್ ಜೀರ್ಣದ ಎಂಜೈಮ್ ಅಂತಿದೆ. ನಮ್ಮ ಮಾವನವರಿಗೆ ಊಟ ಆದ್ಮೇಲೆ ಗ್ಯಾಸ್ ತುಂಬ್ಕೊಳತ್ತೆ, ಅವರಿಗೆ ಕೊಡಬಹುದಾ?

ಬೇಡ. ಸುಮ್ನೆ ಕೊಡಬೇಡಿ. ಮಂಡಿ ಆಪರೇಷನ್ ಆದವರು ಕೇಳ್ತಾರೆ, ಸಿಸೇರಿಯನ್ ಆದವರ ಅತ್ತೆ ಕೇಳ್ತಾರೆ, ಪ್ರಶ್ನೆ ಮಾತ್ರ ಅದೇ, ಉತ್ತರನೂ ಅದೇ. ಸರಿ, ಈ ಸಲ ಪೂರ್ತಿ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸೋದು.

ಟ್ರಿಪ್ಸಿನ್ ಜೀರ್ಣದ ಎಂಜೈಮ್ ಅನ್ನೋದು ನಿಜಾನೇ. 1876ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ಕ್ಯೂನೆ ಇದಕ್ಕೆ ಹೆಸರಿಟ್ಟಿದ್ದೇ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ರಸದ ಮೇಲೆ ಕೆಲಸ ಮಾಡ್ತಿದ್ದಾಗ. ಆದ್ರೆ ಜೀರ್ಣ ಅಂದ ತಕ್ಷಣ ಎಲ್ಲಾ ಒಂದೇ ಅನ್ಕೊಳ್ತೀರಲ್ಲ, ಎಡವಟ್ಟಾಗೋದೇ ಅಲ್ಲಿ. ಟ್ರಿಪ್ಸಿನ್ ಮುಟ್ಟೋದು ಪ್ರೋಟೀನ್ ಮಾತ್ರ, ಅನ್ನ ಮುಟ್ಟಲ್ಲ, ತುಪ್ಪ ಮುಟ್ಟಲ್ಲ. ಪ್ರೋಟೀನಲ್ಲೂ ಸಿಕ್ಕಸಿಕ್ಕಲ್ಲಿ ಕತ್ತರಿಸಲ್ಲ, 20 ಅಮೈನೋ ಆಸಿಡ್‌ಗಳಲ್ಲಿ ಲೈಸಿನ್ ಮತ್ತು ಆರ್ಜಿನಿನ್ ಅಂತ ಎರಡಿವೆ, ಆ ಎರಡರ ಪಕ್ಕ ಮಾತ್ರ ಕತ್ತರಿಸುತ್ತೆ. ಇಷ್ಟು ಶಿಸ್ತಿನ ಎಂಜೈಮ್ ಆಗಿರೋದಕ್ಕೇ ವಿಜ್ಞಾನಿಗಳಿಗೆ ಇದು ಅಚ್ಚುಮೆಚ್ಚು, ಇನ್ಸುಲಿನ್‌ನ ಮೊದಲ ರೂಪವಾದ ಪ್ರೊಇನ್ಸುಲಿನ್‌ನ ಕತ್ತರಿಸಿ ಇನ್ಸುಲಿನ್ ಮಾಡೋದಕ್ಕೂ, ಅಣುಗಳ ತೂಕ ಅಳೆಯೋ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಹಾಕೋ ಮುಂಚೆ ಪ್ರೋಟೀನ್ ತುಂಡು ಮಾಡೋದಕ್ಕೂ ಇದನ್ನೇ ಬಳಸ್ತಾರೆ.

ಈಗ ಮಾವನವರ ಗ್ಯಾಸ್‌ಗೆ ಬನ್ನಿ. ಅವರೆಕಾಳು ಸಾರು, ಹುರುಳಿಕಾಳು, ಬೇಳೆ ತಿಂದ್ಮೇಲೆ ಹೊಟ್ಟೆ ಉಬ್ಬರಿಸಿದ್ರೆ ಪ್ರೋಟೀನ್ ಅರಗಿಲ್ಲ ಅಂತಲ್ಲ. ಆ ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಅನ್ನೋ ಸಕ್ಕರೆಗಳಿವೆ, ಅವನ್ನ ಒಡೆಯೋ ಎಂಜೈಮ್ ನಮ್ಮ ಸಣ್ಣ ಕರುಳಲ್ಲಿ ಇಲ್ವೇ ಇಲ್ಲ, ಯಾರಿಗೂ ಇಲ್ಲ, ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಇಳಿದು ಅಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಿಮಗೆ ಗ್ಯಾಸ್. ಇದರಲ್ಲಿ ಟ್ರಿಪ್ಸಿನ್‌ಗೆ ಏನು ಕೆಲಸ ಹೇಳಿ? ಹಾಲು ಕುಡಿದು ಗ್ಯಾಸ್ ಆದ್ರೆ ಅದು ಲ್ಯಾಕ್ಟೋಸ್, ಅದೂ ಸಕ್ಕರೆನೇ.

"ಸ್ಟ್ರಿಪ್ ಮೇಲೆ 1 ಲಕ್ಷ ಯೂನಿಟ್ ಅಂತಿದೆ ಮೇಡಂ!" ಅಂತ ಇನ್ನೊಬ್ಬರು. ಆ ಲಕ್ಷ ನೋಡಿ ಬೆರಗಾಗಬೇಡಿ. ಅದು ಎಂಜೈಮ್ ಎಷ್ಟು ಚುರುಕು ಅಂತ ಅಳೆಯೋ ಲೆಕ್ಕ, ತೂಕಕ್ಕೆ ಹಾಕಿದ್ರೆ ಮಿಲಿಗ್ರಾಂಗಳಲ್ಲಿ ಮುಗಿದುಹೋಗುತ್ತೆ. ಆರೋಗ್ಯವಾಗಿರೋ ಪ್ಯಾಂಕ್ರಿಯಾಸ್ ದಿನಾ ಒಂದು ಲೀಟರಿಗೂ ಹೆಚ್ಚು ರಸ ಸುರಿಸುತ್ತೆ, ಅದರಲ್ಲಿ ಎಂಜೈಮ್‌ಗಳು ಗ್ರಾಂ ಲೆಕ್ಕದಲ್ಲಿರ್ತವೆ. ಅದರ ಮುಂದೆ ಈ ಮಾತ್ರೆ ಎಷ್ಟರದ್ದು.

ಹಾಗಾದ್ರೆ ಊತಕ್ಕೆ ಯಾಕೆ ಕೊಡ್ತಾರೆ? ಮಾತ್ರೆಗೆ ಎಂಟೆರಿಕ್ ಕೋಟಿಂಗ್ ಇರುತ್ತೆ, ಹೊಟ್ಟೆ ದಾಟಿ ಕರುಳಲ್ಲಿ ಕರಗಲಿ ಅಂತ, ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ, ಪುಡಿ ಮಾಡದೆ ನುಂಗಿ ಅನ್ನೋದು. ಅಲ್ಲಿಂದ ಒಂಚೂರು ರಕ್ತಕ್ಕೆ ಸೇರಿ ಗಾಯದ ಸುತ್ತ ಕಟ್ಟಿಕೊಂಡಿರೋ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸೋ ನಾರಿನಂಥ ಪ್ರೋಟೀನ್) ಕರಗೋಕೆ ನೆರವಾಗುತ್ತೆ ಅನ್ನೋದು ವಾದ. ನಮ್ಮ ದೇಶದಲ್ಲಿ ಇದನ್ನ ಬರೆಯೋ ಪ್ರಮಾಣ ನೋಡಿದ್ರೆ ಪುರಾವೆ ಅಷ್ಟು ಗಟ್ಟಿ ಇಲ್ಲ ಅಂತಲೇ ನನ್ನ ಅಭಿಪ್ರಾಯ, ಆದ್ರೆ ಡಾಕ್ಟ್ರು ಬರೆದಿದ್ರೆ ಅವರು ಹೇಳಿದಷ್ಟು ದಿನ ತಗೊಳ್ಳಿ. ರಕ್ತ ತೆಳು ಮಾಡೋ ಔಷಧಿ ತಗೊಳ್ತಿರೋರು ಮೊದಲೇ ಅವರಿಗೆ ಹೇಳ್ಬೇಕು, ಉಳಿದ ಸ್ಟ್ರಿಪ್‌ನ ಮನೆಯವರಿಗೆಲ್ಲ ಹಂಚಬಾರದು ಅನ್ನೋದಕ್ಕೆ ಇದೂ ಒಂದು ಕಾರಣ.

ಇದರ ಉಲ್ಟಾ ಭಯನೂ ಇದೆ, ರಕ್ತಕ್ಕೆ ಹೋದ್ರೆ ನಮ್ಮ ಮಾಂಸಾನೇ ತಿನ್ನಲ್ವಾ ಅಂತ. ಲ್ಯಾಬಲ್ಲಿ ಜೀವಕೋಶ ಬೆಳೆಸೋರು ದಿನಾ ನೋಡೋ ವಿಷಯ ಇದು: ಫ್ಲಾಸ್ಕ್ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರೋ ಕೋಶಗಳ ಮೇಲೆ ಟ್ರಿಪ್ಸಿನ್ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾ ಇದ್ರೆ, ಕೆಲವೇ ನಿಮಿಷದಲ್ಲಿ ಒಂದೊಂದಾಗಿ ಗುಂಡಗಾಗಿ ತೇಲೋಕೆ ಶುರು ಮಾಡ್ತವೆ, ಮೈಮರೆತು ಜಾಸ್ತಿ ಹೊತ್ತು ಬಿಟ್ರೆ ಕೋಶಗಳೇ ಸಾಯ್ತವೆ. ಅದನ್ನ ನಿಲ್ಲಿಸೋಕೆ ಏನು ಹಾಕ್ತಾರೆ ಗೊತ್ತಾ? ಸೀರಂ, ಅಂದ್ರೆ ರಕ್ತದ್ದೇ ಭಾಗ. ಟ್ರಿಪ್ಸಿನ್‌ನ ಹಿಡಿದು ಕಟ್ಟಿಹಾಕೋ ಪ್ರೋಟೀನ್‌ಗಳು ಅದರಲ್ಲೇ ಇವೆ, ನಿಮ್ಮ ರಕ್ತದಲ್ಲೂ ಇವೆ.

ಇಲ್ಲಿಗೆ ಬಂದ್ಮೇಲೆ ಯಾರೂ ಕೇಳದ, ಆದ್ರೆ ಕೇಳಬೇಕಾಗಿದ್ದ ಪ್ರಶ್ನೆ: ಇದನ್ನ ತಯಾರಿಸೋ ಪ್ಯಾಂಕ್ರಿಯಾಸೇ ಯಾಕೆ ಜೀರ್ಣ ಆಗಿಹೋಗಲ್ಲ? ನನ್ನ ಕ್ಲಾಸಲ್ಲಿ ಒಂದು ಹುಡುಗಿ ಇದನ್ನ ತಾನಾಗೇ ಕೇಳಿದಾಗ ಅವತ್ತಿನ ಪಾಠ ಅಲ್ಲಿಗೇ ಬಿಟ್ಟು ಇದನ್ನೇ ಹೇಳಿದ್ದೆ. ಪ್ಯಾಂಕ್ರಿಯಾಸ್ ಕಳಿಸೋದು ಟ್ರಿಪ್ಸಿನೋಜನ್ನ, ಅಂದ್ರೆ ಇನ್ನೂ ಎಚ್ಚರ ಆಗದ ಟ್ರಿಪ್ಸಿನ್ನ, ಬಾಯಿಗೆ ಗೋಣಿ ಸುತ್ತಿದ ಕುಡುಗೋಲಿನ ಹಾಗೆ. ಸಣ್ಣ ಕರುಳಿಗೆ ಬಂದ್ಮೇಲೆ ಅಲ್ಲಿರೋ ಎಂಟೆರೋಕೈನೇಸ್ ಅನ್ನೋ ಎಂಜೈಮ್ ಅದರ ಒಂದು ತುದಿ ಕತ್ತರಿಸಿದಾಗಲೇ ಅದು ಟ್ರಿಪ್ಸಿನ್ ಆಗೋದು. ದಾರಿಯಲ್ಲೇ ಒಂಚೂರು ಎಚ್ಚರ ಆಗಿಬಿಟ್ರೆ ಹಿಡಿಯೋಕೆ ಅಂತ ಸ್ಪಿಂಕ್1 ಅನ್ನೋ ಇನ್ನೊಂದು ಪ್ರೋಟೀನ್ ಜೊತೆಗೇ ಇರುತ್ತೆ.

ಈ ಕಾವಲು ತಪ್ಪಿದ್ರೆ ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಪ್ಯಾಂಕ್ರಿಯಾಸಿನ ಉರಿಯೂತ. ಟ್ರಿಪ್ಸಿನೋಜನ್ ಜೀನ್‌ನಲ್ಲೇ ಒಂದು ಬದಲಾವಣೆ ಇರೋ ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತೆ ಅಂತ 1996ರಲ್ಲಿ ಗೊತ್ತಾಯ್ತು. ನಮ್ಮ ಕಡೆ, ಅದರಲ್ಲೂ ಕೇರಳದಲ್ಲಿ, ಚಿಕ್ಕ ವಯಸ್ಸಿಗೇ ಪ್ಯಾಂಕ್ರಿಯಾಸಲ್ಲಿ ಕಲ್ಲು ಕಟ್ಟೋ ಕಾಯಿಲೆಗೆ ಬಹಳ ಕಾಲ ಮರಗೆಣಸಿನ ಮೇಲೆ ಅನುಮಾನ ಇತ್ತು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ಸೇರಿ ಮಾಡಿದ ಅಧ್ಯಯನದಲ್ಲಿ ಇಂಥ ರೋಗಿಗಳ ಸ್ಪಿಂಕ್1 ಜೀನ್‌ನಲ್ಲೇ ಬದಲಾವಣೆ ಜಾಸ್ತಿ ಅಂತ ಕಂಡುಬಂತು.

ಎಂಜೈಮ್ ಮಾತ್ರೆ ನಿಜವಾಗಿ ಬೇಕಾಗಿರೋದು ಇಂಥ, ಪ್ಯಾಂಕ್ರಿಯಾಸ್ ಹಾಳಾದವರಿಗೆ, ತಿಂದ ಕೊಬ್ಬು ಅರಗದೆ ಮಲದಲ್ಲಿ ಎಣ್ಣೆ ಎಣ್ಣೆಯಾಗಿ ಹೋಗ್ತಿರೋರಿಗೆ. ಅವರಿಗೆ ಕೊಡೋದು ಪ್ಯಾಂಕ್ರಿಯಾಟಿನ್, ಅದನ್ನ ಊಟದ ಜೊತೆಗೇ ತಗೋಬೇಕು. ಅದರಲ್ಲಿ ಪ್ರೋಟೀನ್ ಒಡೆಯೋ ಎಂಜೈಮ್‌ಗಳೂ ಇರ್ತವೆ, ಆದ್ರೆ ಡಾಕ್ಟ್ರು ಡೋಸ್ ಲೆಕ್ಕ ಹಾಕೋದು ಕೊಬ್ಬು ಒಡೆಯೋ ಎಂಜೈಮ್ ಆದ ಲೈಪೇಸ್ ಯೂನಿಟ್‌ನಲ್ಲಿ.