ಬಿಲ್ ಏರದ ಮನೆಯ ಲೆಕ್ಕ

ಮನೆಗಳ ವಿದ್ಯುತ್ ಬಳಕೆಯನ್ನು ತಪಾಸಣೆ ಮಾಡುವುದು ನನ್ನ ವೃತ್ತಿ. ದರ ಏರಿದ ಕೆಲವು ತಿಂಗಳ ಬಳಿಕ ಹಳೆಯ, ಹೊಸ ಬಿಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಮೊತ್ತ ಹೆಚ್ಚಿದ ಬಿಲ್‌ಗಿಂತ, ಹೆಚ್ಚದೆ ಇದ್ದಲ್ಲೇ ಇರುವ ಬಿಲ್ ನನ್ನನ್ನು ಕಾಡುತ್ತದೆ. ದರ ಏರಿದೆ, ಕಟ್ಟಿದ ಹಣ ಮಾತ್ರ ಅಷ್ಟೇ ಇದೆ ಎಂದರೆ ಆ ಮನೆಯಲ್ಲಿ ಯಾವುದೋ ಒಂದು ಯಂತ್ರ ನಿಂತಿದೆ. ಅದು ಮಾಡುತ್ತಿದ್ದ ಕೆಲಸ ಯಾರ ಮೈಮೇಲೆ ಬಿತ್ತು ಎಂಬುದು ಬಿಲ್‌ನಲ್ಲಿ ಕಾಣುವುದಿಲ್ಲ.

ಒಂದು ಮನೆಯಲ್ಲಿ ಅದು ಕಣ್ಣಿಗೇ ಬಿತ್ತು. ಒಂದೇ ಕೋಣೆಯ ಬಾಡಿಗೆ ಮನೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಮೋಟಾರಿನ ಬೆಲ್ಟ್ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಲಾಗಿತ್ತು. ಆ ಮನೆಯಾಕೆ ಕಾಲಿನಿಂದ ತುಳಿದು ಹೊಲಿಯುತ್ತಿದ್ದರು. ಬೆಲ್ಟ್ ಏಕೆ ಬಿಚ್ಚಿದಿರಿ ಎಂದು ಕೇಳಿದೆ. "ಮೋಟಾರು ಓಡಿದರೆ ಮೀಟರೂ ಓಡುತ್ತದಲ್ಲ, ಮೇಡಂ" ಎಂದರು. ಮೊದಲು ಸಂಜೆಯೊಳಗೆ ಮುಗಿಯುತ್ತಿದ್ದ ಕೆಲಸ ಈಗ ರಾತ್ರಿಯವರೆಗೂ ಎಳೆಯುತ್ತಿತ್ತು. ನೋವಿಗೆಂದು ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡಿದ್ದರು.

1000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಹೊಲಿಗೆ ಯಂತ್ರದ ಮೋಟಾರು ಸುಮಾರು 100 ವ್ಯಾಟ್‌ನದು. ದಿನಕ್ಕೆ 5 ಗಂಟೆಯಂತೆ 25 ದಿನ ಬಿಡದೆ ಓಡಿದರೂ 12.5 ಯೂನಿಟ್, ಪೆಡಲ್ ಒತ್ತಿದಾಗಷ್ಟೇ ಓಡುವುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ಅದೇ ಕೋಣೆಯ ಮೂಲೆಯಲ್ಲಿ ಮನೆ ಮಾಲೀಕರು ಕೊಟ್ಟಿದ್ದ ಹಳೆಯ ಫ್ರಿಜ್ ಇತ್ತು. ಆಕೆಯ ಬಿಲ್ಲಿನ ಹಾಳೆಯನ್ನೇ ಅದರ ಬಾಗಿಲ ಸಂದಿಗೆ ಇಟ್ಟು, ಮುಚ್ಚಿ, ಎಳೆದೆ. ತಡೆಯೇ ಇಲ್ಲದೆ ಜಾರಿ ಬಂತು. ರಬ್ಬರ್ ಪಟ್ಟಿ ಸಡಿಲವಾಗಿ ತಂಪು ಹೊರಗೆ ಸೋರುತ್ತಿತ್ತು. ನಾನಿದ್ದ ಮುಕ್ಕಾಲು ಗಂಟೆಯಲ್ಲಿ ಕಂಪ್ರೆಸರ್ ಒಮ್ಮೆಯೂ ನಿಲ್ಲಲಿಲ್ಲ. ಸದ್ದು ಮಾಡುವ ಮೋಟಾರಿನ ಮೇಲೆ ಎಲ್ಲರಿಗೂ ಅನುಮಾನ ಬಂದಿತ್ತು, ಫ್ರಿಜ್‌ನ ಮೇಲೆ ಯಾರಿಗೂ ಬಂದಿರಲಿಲ್ಲ.

ನಾನು ಕಂಡ ಬಹುಪಾಲು ಮನೆಗಳಲ್ಲಿ ಉಳಿತಾಯದ ಮಾತು ಬಂದಾಗ ಮೊದಲು ನಿಲ್ಲುವುದು ಹೆಂಗಸರ ಕೆಲಸಕ್ಕೆ ಒದಗುವ ಉಪಕರಣವೇ. ಬಟ್ಟೆ ಒಗೆಯುವ ಯಂತ್ರ ನಿಂತರೆ ಕೈಯಲ್ಲಿ ಒಗೆಯುತ್ತಾರೆ, ನೀರೆತ್ತುವ ಪಂಪ್ ನಿಂತರೆ ಹೊತ್ತು ತರುತ್ತಾರೆ. ಕೆಲಸ ಹೇಗೋ ಆಗುತ್ತದೆ, ಹಾಗಾಗಿ ಕಡಿತವಾದದ್ದೇ ಗೊತ್ತಾಗುವುದಿಲ್ಲ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿಗಳಿಗೆ ವಿದ್ಯುತ್ ಬಂದ ಮೇಲೆ ಹೆಂಗಸರ ಉದ್ಯೋಗದ ಪ್ರಮಾಣ ಪ್ರತಿ ನೂರು ಹೆಂಗಸರಲ್ಲಿ ಇನ್ನೂ ಸುಮಾರು 9 ಮಂದಿ ದುಡಿಮೆಗೆ ಸೇರುವಷ್ಟು ಏರಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮನೆಗೆಲಸದಿಂದ ಬಿಡುವಾದ ಹೊತ್ತು ದುಡಿಮೆಗೆ ಸಿಕ್ಕಿತ್ತು. ದರ ಕೈಮೀರಿದಾಗ ಆ ಹೊತ್ತು ಮತ್ತೆ ಮನೆಗೆಲಸಕ್ಕೇ ಹೋಗುತ್ತದೆ. ಹೊತ್ತಿಗೊಂದು ದರ ಎಂಬ ಪದ್ಧತಿಯಲ್ಲೂ ನನಗೆ ಇದೇ ಚಿಂತೆ. ತಡರಾತ್ರಿ ದರ ಅಗ್ಗ, ಆಗ ಯಂತ್ರ ಹಾಕಿಕೊಳ್ಳಿ ಎಂದು ಸಲಹೆ ಕೊಡುವುದು ಸುಲಭ. ಆಗ ಎದ್ದಿರಬೇಕಾದವರು ಯಾರು ಎಂದೂ ಕೇಳಬೇಕು.

ಇನ್ನು ಬಡವರ ಮಾತು. "ಕಡಿಮೆ ಬಳಸುವವರಿಗೆ ದರ ಏರಿಕೆ ತಟ್ಟುವುದಿಲ್ಲ" ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಬಳಕೆ ಎಷ್ಟೇ ಇರಲಿ ಪ್ರತಿ ತಿಂಗಳೂ ಕಟ್ಟಬೇಕಾದ ನಿಗದಿತ ಶುಲ್ಕವನ್ನೇ ತೆಗೆದುಕೊಳ್ಳಿ. ಅದು 30 ಯೂನಿಟ್‌ಗಳ ಬೆಲೆಯಷ್ಟಿದೆ ಎಂದುಕೊಳ್ಳೋಣ. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ಪ್ರತಿ ಯೂನಿಟ್ ಶೇಕಡಾ 10ರಷ್ಟು ದುಬಾರಿಯಾಗುತ್ತದೆ. 30 ಯೂನಿಟ್ ಬಳಸುವ ಮನೆಗೆ ಎರಡರಷ್ಟಾಗುತ್ತದೆ. ಎಷ್ಟು ದೀಪ ಆರಿಸಿದರೂ ಈ ಭಾಗ ಇಳಿಯುವುದಿಲ್ಲ.

ಸ್ಲ್ಯಾಬ್ ಪದ್ಧತಿಯ ಒಂದು ಉದ್ದೇಶ ಬಡವರಿಗೆ ನೆರವಾಗುವುದು: ಮೊದಲ ಕೆಲವು ಯೂನಿಟ್ ಅಗ್ಗ, ಅದರಾಚೆ ದುಬಾರಿ. ಆದರೆ ಸ್ಲ್ಯಾಬ್ ಎಣಿಸುವುದು ಮೀಟರನ್ನು. ಆ ಹೊಲಿಗೆಯಾಕೆಯ ಕಟ್ಟಡದಲ್ಲಿ ಮೂರು ಸಂಸಾರಗಳಿಗೆ ಒಂದೇ ಮೀಟರ್. ಮೊದಲ 100 ಯೂನಿಟ್‌ಗೆ ಒಂದು ದರ, ಆಮೇಲೆ ಅದರ ಎರಡರಷ್ಟು ಎಂದಿಟ್ಟುಕೊಂಡು ನೋಡಿ. ಒಂದೊಂದು ಸಂಸಾರ 90 ಯೂನಿಟ್ ಬಳಸಿದರೆ ಪ್ರತ್ಯೇಕ ಮೀಟರ್‌ಗಳಲ್ಲಿ ಎಲ್ಲರೂ ಅಗ್ಗದ ದರದೊಳಗೇ ಉಳಿಯುತ್ತಾರೆ. ಒಂದೇ ಮೀಟರ್‌ನಲ್ಲಿ ಅದು 270 ಯೂನಿಟ್ ಆಗಿ, 170ಕ್ಕೆ ದುಪ್ಪಟ್ಟು ಬೀಳುತ್ತದೆ. ಒಟ್ಟು ಬಿಲ್ ಸುಮಾರು ಶೇಕಡಾ 63ರಷ್ಟು ಹೆಚ್ಚು. ಇವರನ್ನು ಕಾಪಾಡಲೆಂದು ಮಾಡಿದ ಪದ್ಧತಿ ಇವರನ್ನೇ ಸಿರಿವಂತರ ಸಾಲಿಗೆ ಸೇರಿಸಿ ವಸೂಲಿ ಮಾಡುತ್ತದೆ. ಸಂಪರ್ಕ ಮಾಲೀಕರ ಹೆಸರಿನಲ್ಲಿ ಇರುವುದರಿಂದ ಬಾಡಿಗೆದಾರರು ಸಹಾಯಧನಕ್ಕೆ ಅರ್ಜಿಯನ್ನೂ ಹಾಕಲಾಗದ ಕಡೆಗಳಿವೆ.

ಮೊದಲೇ ಹಣ ತುಂಬಿಸಿ ಬಳಸುವ ಪ್ರಿಪೇಯ್ಡ್ ಮೀಟರ್‌ನಲ್ಲಿ ಬಾಕಿ ಉಳಿಯುವುದಿಲ್ಲ, ನಿಜ. ಹಣ ಮುಗಿದೊಡನೆ ಮನೆ ಕತ್ತಲಾಗುತ್ತದೆ. ಯಾರೂ ಬಂದು ಸಂಪರ್ಕ ಕಡಿಯದಿರುವುದರಿಂದ ಅದು ಕಡಿತದ ಪಟ್ಟಿಗೂ ಸೇರುವುದಿಲ್ಲ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಒಲೆ. ವಿದ್ಯುತ್ತಿಗೂ ಅನಿಲಕ್ಕೂ ಹಣ ಸಾಲದ ಮನೆ ಮತ್ತೆ ಕಟ್ಟಿಗೆಗೆ ಮರಳುತ್ತದೆ. 2022ರಲ್ಲಿ ಇಂಧನ ಬೆಲೆ ಜಗತ್ತಿನಾದ್ಯಂತ ಏರಿದಾಗ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಒಂದು ಅಂದಾಜು ನೀಡಿತು: ಈಚೆಗೆ ವಿದ್ಯುತ್ ಪಡೆದ ಸುಮಾರು 7.5 ಕೋಟಿ ಜನರಿಗೆ ಅದರ ಬಿಲ್ ಕಟ್ಟುವ ಶಕ್ತಿ ತಪ್ಪಬಹುದು, 10 ಕೋಟಿ ಜನ ಕಟ್ಟಿಗೆಯಂತಹ ಇಂಧನಕ್ಕೆ ಹಿಂತಿರುಗಬಹುದು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಲೆಯ ಮುಂದೆ ಹೆಚ್ಚು ಹೊತ್ತು ಇರುವವರು ಹೆಂಗಸರು, ಅವರ ಮಗ್ಗುಲಲ್ಲಿ ಎಳೆಯ ಮಕ್ಕಳು.

ವಿದ್ಯುತ್ ಕಂಪನಿಗಳ ಖರ್ಚು ಹೇಗಾದರೂ ಹುಟ್ಟಲೇಬೇಕು ಎಂಬುದನ್ನು ನಾನು ಬಲ್ಲೆ. ಎಲ್ಲರಿಗೂ ಯೂನಿಟ್ ದರ ಇಳಿಸಿದರೆ ಹೆಚ್ಚು ಬಳಸುವವರಿಗೇ ಹೆಚ್ಚು ಲಾಭ. ಅದನ್ನು ನಾನು ಕೇಳುತ್ತಿಲ್ಲ. ಸ್ಲ್ಯಾಬ್ ಸಂಸಾರವನ್ನು ಎಣಿಸಲಿ, ಕಡಿಮೆ ಬಳಸುವ ಮನೆಗೆ ನಿಗದಿತ ಶುಲ್ಕ ಬೇಡ. ಸಹಾಯಧನದ ಒಂದು ಪಾಲು ಉಪಕರಣ ಬದಲಿಸಲು ಹೋಗಲಿ. 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, 30 ವ್ಯಾಟ್‌ನ ಹೊಸದು 11ಕ್ಕೂ ಕಡಿಮೆ. ಹೊಸ ಫ್ಯಾನ್ ಕೊಳ್ಳುವ ಹಣವನ್ನು ಒಟ್ಟಿಗೆ ಹೊಂದಿಸಲಾಗದೆ ತಿಂಗಳು ತಿಂಗಳೂ ಹಳೆಯ ಫ್ಯಾನಿಗೆ ಹಣ ಕಟ್ಟುತ್ತಿರುವವರು ಬಡವರೇ.

ಆ ಮನೆಯ ಫ್ರಿಜ್‌ಗೆ ಹೊಸ ರಬ್ಬರ್ ಪಟ್ಟಿ ಹಾಕಿಸಿದೆವು. ಮುಂದಿನ ಸಲ ಹೋದಾಗ ಬೆಲ್ಟ್ ಮತ್ತೆ ಮೋಟಾರಿಗೆ ಏರಿತ್ತು. ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಮೀಟರ್ ಅಂಕಿಯನ್ನು ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಮೋಟಾರು ಓಡಿದ ದಿನಕ್ಕೂ ಓಡದ ದಿನಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಅವರೇ ನನಗೆ ತೋರಿಸಿದರು. ಪ್ರತ್ಯೇಕ ಮೀಟರ್‌ಗೆ ಬರೆದ ಅರ್ಜಿ ಯಂತ್ರದ ಖಾನೆಯಲ್ಲೇ ಇದೆ. ಮಾಲೀಕರ ಸಹಿ ಇನ್ನೂ ಬಿದ್ದಿಲ್ಲ.